ಎಪ್ಪತ್ತೈದು ದಾಟಿದವರಿಗೆ ಹೃದಯದ ಸ್ಟ್ರೆಸ್ ಟೆಸ್ಟ್: ಹೆದರಬೇಕಾದ್ದು ಯಾವುದಕ್ಕೆ?

“ಅಪ್ಪಂಗೆ ಎಪ್ಪತ್ತೆಂಟು. ಸ್ಟ್ರೆಸ್ ಟೆಸ್ಟ್ ಮಾಡಿಸಿ ಅಂತ ಬರ್ಕೊಟ್ಟಿದಾರೆ. ಈ ವಯಸ್ಸಲ್ಲಿ ಬೆಲ್ಟ್ ಮೇಲೆ ಓಡಿಸೋಕೆ ಹೋಗಿ ಅಲ್ಲೇ ಏನಾದ್ರೂ ಆಗ್ಬಿಟ್ರೆ?” ಹೃದಯ ವಿಭಾಗದ ಹೊರಗಿನ ಬೆಂಚಿನಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು ಇದು. ಭಯ ಪಡುವುದರಲ್ಲಿ ತಪ್ಪೇನಿಲ್ಲ, ಆದರೆ ಭಯ ಹೋಗಿ ಕೂರುವ ಜಾಗ ಮಾತ್ರ ಸಾಮಾನ್ಯವಾಗಿ ತಪ್ಪಾಗಿರುತ್ತದೆ. ಜನ ಯಂತ್ರಕ್ಕೆ ಹೆದರುತ್ತಾರೆ, ಇಂಜೆಕ್ಷನ್ನಿಗೆ ಹೆದರುತ್ತಾರೆ, ರೇಡಿಯೇಶನ್ ಎಂದರಂತೂ ಬೆಚ್ಚಿಬೀಳುತ್ತಾರೆ. ಆದರೆ ವಯಸ್ಸಾದವರಿಗೆ ಈ ಪರೀಕ್ಷೆಯಲ್ಲಿ ತೊಂದರೆ ಹುಟ್ಟುವುದು ಬಹುಪಾಲು ಪರೀಕ್ಷೆಗೆ ಮುಂಚಿನ ಹತ್ತು ನಿಮಿಷದಲ್ಲಿ. ಯಾರಿಗೆ, ಯಾವ ದಿನ, ಯಾವ ವಿಧಾನದಲ್ಲಿ ಮಾಡುತ್ತಿದ್ದೇವೆ ಎಂಬುದನ್ನು ಸರಿಯಾಗಿ ವಿಚಾರಿಸದೆ ಮಂಚ ಹತ್ತಿಸಿದಾಗ.

ಮೊದಲು ಅಂಕಿ ನೋಡೋಣ. ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ ಹೃದಯಾಘಾತವೋ ಸಾವೋ ಆಗುವುದು ಹೆಚ್ಚೆಂದರೆ 2,500 ಪರೀಕ್ಷೆಗೆ ಒಂದು ಎಂದು ವೈದ್ಯಕೀಯ ಮಾರ್ಗಸೂಚಿಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ನಡೆಸುವ ಬದಲು ಡೊಬುಟಮಿನ್ ಎಂಬ ಬಡಿತ ಏರಿಸುವ ಔಷಧ ಹರಿಸಿ ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡುವಾಗ ಹೃದಯಾಘಾತದಂಥ ಗಂಭೀರ ತೊಂದರೆ ಸುಮಾರು 2,000ಕ್ಕೆ ಒಂದು. ರಕ್ತನಾಳ ಅಗಲ ಮಾಡುವ ಡೈಪಿರಿಡಮೋಲ್ ಎಂಬ ಔಷಧದ ಬಗ್ಗೆ 1995ರಲ್ಲಿ ಪ್ರಕಟವಾದ 73,806 ಜನರ ಅಧ್ಯಯನದಲ್ಲಿ ಹೃದಯದ ಕಾರಣಕ್ಕೆ ತೀರಿಕೊಂಡವರು 10,000ಕ್ಕೆ ಒಬ್ಬರಷ್ಟು. ಅದೇ ಗುಂಪಿನ ಅಡೆನೊಸಿನ್ ಪಡೆದ 9,256 ಜನರ ದಾಖಲೆಯಲ್ಲಿ ಒಂದೂ ಸಾವಿಲ್ಲ, ಒಂದು ಹೃದಯಾಘಾತ ಇದೆ. ಅದೇ ದಾಖಲೆಯಲ್ಲಿ ಹತ್ತರಲ್ಲಿ ಎಂಟು ಜನಕ್ಕೆ ಮುಖ ಬಿಸಿಯಾಗುವುದು, ಎದೆ ಬಿಗಿಯುವುದು, ಉಸಿರು ಸಿಕ್ಕಿದಂತಾಗುವುದು, ಹೀಗೆ ಏನಾದರೊಂದು ಆಗಿತ್ತು. ಅಂದರೆ ಕಿರಿಕಿರಿ ಸಾಮಾನ್ಯ, ಅನಾಹುತ ಅಪರೂಪ. ಈ ಎರಡನ್ನೂ ಮೊದಲೇ ಬಿಡಿಸಿ ಹೇಳಿದರೆ ಅಜ್ಜಿಯರು ನಾವು ಅಂದುಕೊಂಡದ್ದಕ್ಕಿಂತ ಧೈರ್ಯವಾಗಿ ಮಲಗುತ್ತಾರೆ.

ಈ ಅಂಕಿಗಳಲ್ಲಿ ಒಂದು ಒಳಸುಳಿ ಇದೆ. ಅವೆಲ್ಲ ವಿಚಾರಿಸಿ, ಸೋಸಿ ಪರೀಕ್ಷೆಗೆ ಬಿಟ್ಟವರ ಲೆಕ್ಕ. ಸೋಸುವ ಕೆಲಸ ಆಗದಿದ್ದರೆ ಆ ಲೆಕ್ಕ ನಮಗೆ ಅನ್ವಯಿಸುವುದಿಲ್ಲ. 2013ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಡೆನೊಸಿನ್ ಮತ್ತು ಅದೇ ಗುಂಪಿನ ರೆಗಾಡೆನೊಸಾನ್ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅಪರೂಪಕ್ಕಾದರೂ ಹೃದಯಾಘಾತ, ಸಾವು ಆಗಿವೆ. ಎದೆನೋವು ಹತೋಟಿಗೆ ಬಾರದವರಿಗೆ, ಹೃದಯ ಸ್ಥಿರವಾಗಿಲ್ಲದವರಿಗೆ ಈ ಔಷಧಗಳನ್ನು ಕೊಡಬೇಡಿ. ಕೊಡುವ ಕೋಣೆಯಲ್ಲಿ ಜೀವ ಉಳಿಸುವ ಸಲಕರಣೆ ಮತ್ತು ಅದನ್ನು ಬಳಸಲು ಗೊತ್ತಿರುವ ಜನ ಇರಲೇಬೇಕು ಎಂದು ಹೇಳಿತು. ಔಷಧವನ್ನು ನಿಷೇಧಿಸಲಿಲ್ಲ ಎಂಬುದನ್ನೂ ಗಮನಿಸಿ.

ಯಾವ ಪರೀಕ್ಷೆ, ಯಾರಿಗೆ

ಹೃದಯಕ್ಕೆ ಕೆಲಸ ಹೆಚ್ಚು ಮಾಡಿ, ಅಥವಾ ಹೃದಯದ ರಕ್ತನಾಳಗಳನ್ನು ಔಷಧದಿಂದ ಅಗಲ ಮಾಡಿ, ಆಗ ಎಲ್ಲಿಗೆ ರಕ್ತ ಸಾಲುತ್ತಿಲ್ಲ ಎಂದು ನೋಡುವುದು ಈ ಪರೀಕ್ಷೆಗಳ ಉದ್ದೇಶ. ಬರೀ ಟಿ.ಎಂ.ಟಿ.ಯಲ್ಲಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆಯಲ್ಲಿ, ನೋಡುವುದು ಇಸಿಜಿಯನ್ನು ಮಾತ್ರ. ಚಿತ್ರ ಬೇಕೆಂದಾಗ ಎಕೋ ಅಥವಾ ನ್ಯೂಕ್ಲಿಯರ್ ಸ್ಕ್ಯಾನ್, ಅಂದರೆ ರೇಡಿಯೇಶನ್ ಸೂಸುವ ಔಷಧ ಕೊಟ್ಟು ತೆಗೆಯುವ ಚಿತ್ರ. ನಮ್ಮ ಕಡೆ ಎಲ್ಲರೂ ‘ಸ್ಟ್ರೆಸ್ ಥಾಲಿಯಂ’ ಎಂದೇ ಕರೆಯುವ ಸ್ಕ್ಯಾನಿನಲ್ಲಿ ಈಗ ಹೆಚ್ಚಾಗಿ ಬಳಸುವುದು ಥಾಲಿಯಂ ಅಲ್ಲ, ಟೆಕ್ನೀಷಿಯಂ. ಹೆಸರು ಹಳೆಯದೇ ಉಳಿದಿದೆ.

ವಯಸ್ಸಾದವರಿಗೆ ಬರೀ ಟಿ.ಎಂ.ಟಿ. ಸಾಕಾಗದೆ ಹೋಗಲು ಕಾರಣಗಳಿವೆ. ಹಳೆಯ ಬಿ.ಪಿ.ಯಿಂದ ಹೃದಯದ ಗೋಡೆ ದಪ್ಪಗಾಗಿದ್ದರೆ, ಡಿಗಾಕ್ಸಿನ್ ಮಾತ್ರೆ ನುಂಗುತ್ತಿದ್ದರೆ, ಎಡ ಬಂಡಲ್ ಬ್ಲಾಕ್ (ಹೃದಯದ ಎಡಭಾಗಕ್ಕೆ ಹೋಗುವ ವಿದ್ಯುತ್ ಸಂಕೇತಕ್ಕೆ ತಡೆ) ಇದ್ದರೆ, ಪೇಸ್‌ಮೇಕರ್ ಹಾಕಿದ್ದರೆ ಇಸಿಜಿಯ ಗೆರೆ ನಂಬುವಂತಿರುವುದಿಲ್ಲ. ಮಂಡಿ ನೋವು, ಸೊಂಟ ನೋವು, ಪಾರ್ಶ್ವವಾಯು ಇದ್ದವರು ಬೇಕಾದಷ್ಟು ಹೊತ್ತು ನಡೆಯಲಾರರು. ಅರ್ಧಕ್ಕೇ ನಿಂತ ಟಿ.ಎಂ.ಟಿ.ಗೆ ‘ನಾರ್ಮಲ್’ ಎಂದು ಬರೆದರೆ ಅದಕ್ಕೆ ಅರ್ಥವಿಲ್ಲ.

ಓಡಿಸುತ್ತಾರೆ ಎಂಬುದೂ ಪೂರ್ತಿ ನಿಜವಲ್ಲ. ಬ್ರೂಸ್ ಎಂಬ ಕ್ರಮದಲ್ಲಿ ಮೊದಲ ಮೂರು ನಿಮಿಷ ಬೆಲ್ಟ್ ಗಂಟೆಗೆ 2.7 ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ಸಾಮಾನ್ಯ ನಡಿಗೆಗಿಂತ ನಿಧಾನ, ಆದರೆ ಶೇ. 10ರ ಏರು. ಮುಂದಿನ ಮೂರು ನಿಮಿಷ 4 ಕಿ.ಮೀ., ಶೇ. 12ರ ಏರು. ಮೂರನೆಯ ಹಂತಕ್ಕೆ 5.5 ಕಿ.ಮೀ., ಶೇ. 14. ಎಪ್ಪತ್ತೈದು ದಾಟಿದ ಅನೇಕರನ್ನು ಸೋಲಿಸುವುದು ವೇಗಕ್ಕಿಂತ ಹೆಚ್ಚಾಗಿ ಏರು. ಅವರಿಗಾಗಿಯೇ ಬದಲಿಸಿದ ಬ್ರೂಸ್ ಕ್ರಮ ಇದೆ. ಅದರಲ್ಲಿ ಮೊದಲ ಮೂರು ನಿಮಿಷ ಸಮತಟ್ಟು, ಮುಂದಿನ ಮೂರು ನಿಮಿಷ ಶೇ. 5, ಆಮೇಲೆ ಶೇ. 10. “ನಿಧಾನದ ಕ್ರಮದಲ್ಲಿ ಮಾಡ್ತೀರಾ?” ಎಂದು ಕೇಳಲು ಸಂಕೋಚ ಬೇಡ. ಯಂತ್ರದಲ್ಲಿ ಅದಕ್ಕೆ ಒಂದು ಗುಂಡಿ ಒತ್ತಿದರೆ ಆಯಿತು.

ತಲುಪಬೇಕಾದ ನಾಡಿಬಡಿತ 220ರಿಂದ ವಯಸ್ಸನ್ನು ಕಳೆದು, ಉಳಿದದ್ದರ ಶೇ. 85. ಎಪ್ಪತ್ತೆಂಟರವರಿಗೆ 142ರ ಶೇ. 85, ಅಂದರೆ ಸುಮಾರು 121. ಅದು ಬರಲಿಲ್ಲ ಎಂದು ಕಾಲೆಳೆಯುತ್ತಿರುವವರನ್ನು ಇನ್ನೂ ಒಂದು ನಿಮಿಷ, ಇನ್ನೂ ಒಂದು ನಿಮಿಷ ಎಂದು ಹುರಿದುಂಬಿಸುವುದು ನಮಗೆ ಒಪ್ಪಿಗೆಯಾಗದ ಪದ್ಧತಿ. ಅಂಥವರಿಗೆ ಔಷಧದ ವಿಧಾನವೇ ಸರಿ.

ನಡೆಯಲು ಆಗುತ್ತದೋ ಇಲ್ಲವೋ ಎಂದು ಅಳೆಯಲು ಪ್ರಶ್ನೆ ಸರಿಯಾಗಿರಬೇಕು. “ವಾಕಿಂಗ್ ಹೋಗ್ತೀರಾ?” ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ. ಮಂಡ್ಯ ಕಡೆಯ ರೈತರನ್ನು ಗದ್ದೆಗೆ ನೀರು ತಿರುಗಿಸಲು ಈಗಲೂ ಹೋಗುತ್ತಾರಾ, ಹುಲ್ಲಿನ ಹೊರೆ ಹೊರುತ್ತಾರಾ ಎಂದು ಕೇಳಿ. ಮೈಸೂರಿನವರನ್ನು ಎರಡು ಮಹಡಿ ಮೆಟ್ಟಿಲನ್ನು ನಿಲ್ಲದೆ ಹತ್ತುತ್ತಾರಾ ಎಂದು ಕೇಳಿ. ಆಗುತ್ತದೆ ಎನ್ನುವವರು ಬ್ರೂಸ್ ಮೊದಲ ಹಂತವನ್ನು ಸಾಮಾನ್ಯವಾಗಿ ದಾಟುತ್ತಾರೆ. ದೇವಸ್ಥಾನದ ಮೆಟ್ಟಿಲಲ್ಲಿ ಮೂರು ಸಲ ಕೂತು ಹೋಗುತ್ತಾರೆ ಎಂದಾದರೆ ಬೆಲ್ಟ್ ಬೇಡ.

ಎಡ ಬಂಡಲ್ ಬ್ಲಾಕ್ ಅಥವಾ ಪೇಸ್‌ಮೇಕರ್ ಇದ್ದರೆ ನ್ಯೂಕ್ಲಿಯರ್ ಸ್ಕ್ಯಾನಿಗೆ ನಡಿಗೆಯೂ ಬೇಡ, ಡೊಬುಟಮಿನ್ನೂ ಬೇಡ. ಬಡಿತ ಏರಿದಾಗ ಹೃದಯದ ನಡುಗೋಡೆ ಇಲ್ಲದ ಕೊರತೆಯನ್ನು ತೋರಿಸುತ್ತದೆ. ಅವರಿಗೆ ಅಡೆನೊಸಿನ್ ಗುಂಪಿನ ಔಷಧವೇ ಒಳ್ಳೆಯದು. ಉಬ್ಬಸ ಇದ್ದರೆ ಇದು ತಿರುಗುಮುರುಗು. ಅಡೆನೊಸಿನ್, ಡೈಪಿರಿಡಮೋಲ್ ಶ್ವಾಸನಾಳವನ್ನು ಬಿಗಿಯಬಲ್ಲವು, ಹಾಗಾಗಿ ಈಗ ಸುಯ್‌ಗುಟ್ಟುತ್ತಿರುವವರಿಗೆ ಡೊಬುಟಮಿನ್. ಎರಡನೆಯ ಅಥವಾ ಮೂರನೆಯ ದರ್ಜೆಯ ಹಾರ್ಟ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಬಡಿತದ ವಿದ್ಯುತ್ ಸಂಕೇತಕ್ಕೆ ತಡೆ) ಇದ್ದು ಪೇಸ್‌ಮೇಕರ್ ಹಾಕಿಲ್ಲದವರಿಗೆ, ಮೇಲಿನ ಬಿ.ಪಿ. 90ಕ್ಕಿಂತ ಕೆಳಗಿರುವವರಿಗೆ ಅಡೆನೊಸಿನ್ ಗುಂಪು ಬೇಡವೇ ಬೇಡ.

ಎಕೋ ಮೊದಲು

ವಯಸ್ಸಾದವರ ವಿಷಯದಲ್ಲಿ ಒಂದೇ ಒಂದು ನಿಯಮ ಹೇಳಿ ಎಂದರೆ ಇದನ್ನು ಹೇಳುತ್ತೇವೆ: ಸ್ಟ್ರೆಸ್ ಟೆಸ್ಟಿಗೆ ಮುಂಚೆ ಸಾದಾ ಎಕೋ ಒಂದು ಆಗಿರಲಿ. ಅಯೋರ್ಟಿಕ್ ವಾಲ್ವ್, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಹೊರಡುವ ಬಾಗಿಲು, ವಯಸ್ಸಾದಂತೆ ಸುಣ್ಣಗಟ್ಟಿ ಕಿರಿದಾಗುತ್ತದೆ. ಸಹಜವಾಗಿ 3ರಿಂದ 4 ಚದರ ಸೆಂ.ಮೀ. ತೆರೆಯಬೇಕಾದ್ದು 1 ಚದರ ಸೆಂ.ಮೀ.ಗಿಂತ ಕಡಿಮೆಯಾದರೆ ತೀವ್ರ ಎನ್ನುತ್ತಾರೆ. ಇಂಥವರೂ ಬರುವುದು ಎದೆ ಬಿಗಿತ, ಏರು ಹತ್ತಿದರೆ ದಮ್ಮು, ಕಣ್ಣು ಕತ್ತಲಿಡುವುದು ಎಂಬ ದೂರುಗಳೊಂದಿಗೇ. ನೋಡಿದರೆ ರಕ್ತನಾಳದಲ್ಲಿ ಬ್ಲಾಕ್ ಇದ್ದವರ ಹಾಗೆಯೇ. ಅವರನ್ನು ಬೆಲ್ಟ್ ಹತ್ತಿಸಿದರೆ ಕಾಲಿನ ಸ್ನಾಯುಗಳು ರಕ್ತ ಬೇಡುತ್ತವೆ, ಕಿರಿದಾದ ಬಾಗಿಲು ಕೊಡಲಾರದು, ಬಿ.ಪಿ. ಕುಸಿದು ಬೀಳುತ್ತಾರೆ. ಸ್ಟೆತೊಸ್ಕೋಪ್ ಇಟ್ಟು ಕೇಳಿದರೆ ಸದ್ದು ಸಿಗುತ್ತದೆ, ಗದ್ದಲದ ಒ.ಪಿ.ಡಿ.ಯಲ್ಲಿ ತಪ್ಪಿಹೋಗಲೂಬಹುದು. ಎಕೋದಲ್ಲಿ ತಪ್ಪುವುದು ಕಷ್ಟ.

ಇದರ ಜೊತೆ, ಆ ದಿನ ಪರೀಕ್ಷೆ ಬೇಡ ಎನ್ನಬೇಕಾದ ಸಂದರ್ಭಗಳು. ಕಳೆದ ಒಂದೆರಡು ದಿನದಲ್ಲಿ ಹೃದಯಾಘಾತ ಆಗಿರುವುದು, ಸುಮ್ಮನೆ ಕೂತಿದ್ದಾಗಲೂ ಎದೆನೋವು ಬರುತ್ತಿರುವುದು, ಮೊದಲು ಒಂದು ಫರ್ಲಾಂಗಿಗೆ ಬರುತ್ತಿದ್ದ ನೋವು ಈಗ ಬಚ್ಚಲಿಗೆ ಹೋದರೂ ಬರುವುದು, ಕಾಲು ಊದಿ ರಾತ್ರಿ ಮಲಗಲಾಗದಷ್ಟು ಉಸಿರಾಟದ ತೊಂದರೆ, ಹತೋಟಿಯಿಲ್ಲದ ಬಡಿತ. ಇವರಿಗೆ ಬೇಕಾದ್ದು ತುರ್ತು ಚಿಕಿತ್ಸೆ, ಇಸಿಜಿ, ಟ್ರೊಪೊನಿನ್ ರಕ್ತಪರೀಕ್ಷೆ.

ಇದೇ ಜಾಗದಲ್ಲಿ ಮನೆಯವರು ಒಂದು ಕೆಲಸ ಮಾಡುತ್ತಾರೆ, ಕೆಟ್ಟ ಉದ್ದೇಶದಿಂದ ಅಲ್ಲ. ನ್ಯೂಕ್ಲಿಯರ್ ಸ್ಕ್ಯಾನಿಗೆ ದಿನ ಗೊತ್ತುಮಾಡಿಕೊಂಡಿರುತ್ತಾರೆ. ಟೆಕ್ನೀಷಿಯಂನ ಶಕ್ತಿ ಆರು ಗಂಟೆಗೆ ಅರ್ಧವಾಗುವುದರಿಂದ ಔಷಧವನ್ನು ಆ ದಿನದ ರೋಗಿಗಳ ಲೆಕ್ಕಕ್ಕೆ ಅದೇ ದಿನ ತಯಾರಿಸುತ್ತಾರೆ. ದುಡ್ಡು ಕಟ್ಟಿಯಾಗಿದೆ, ನಾಗಮಂಗಲದಿಂದಲೋ ಮಳವಳ್ಳಿಯಿಂದಲೋ ನಸುಕಿಗೇ ಹೊರಟು ಬಂದಾಗಿದೆ. ರಾತ್ರಿ ಎದೆ ಹಿಡಿದಿತ್ತು ಎಂದರೆ ವಾಪಸ್ ಕಳಿಸುತ್ತಾರೆ ಎಂದು ಹೇಳುವುದೇ ಇಲ್ಲ. “ಗ್ಯಾಸ್ ಇರಬೇಕು ಬಿಡಿ” ಎಂದು ತಾವೇ ತೀರ್ಪು ಕೊಟ್ಟುಬಿಡುತ್ತಾರೆ. ದಯವಿಟ್ಟು ಹೇಳಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ಎಂಬತ್ತರ ಆಸುಪಾಸಿನವರಲ್ಲಿ ಹೃದಯದ ನೋವು ನೋವಾಗಿಯೇ ಬರಬೇಕೆಂದಿಲ್ಲ. ವಿಪರೀತ ಸುಸ್ತು, ಬೆವರು, ಮೇಲುಸಿರು, ವಾಂತಿ ಬಂದಂತಾಗುವುದು, ದವಡೆಯಲ್ಲಿ ಬಿಗಿತ, ಇವೂ ಅದರ ರೂಪಗಳೇ.

ಕಾಫಿ, ಮಾತ್ರೆ, ಕಣ್ಣಿನ ಹನಿ

ಅಡೆನೊಸಿನ್ ಗುಂಪಿನ ಪರೀಕ್ಷೆಗೆ ಮುಂಚೆ ಕನಿಷ್ಠ 12 ಗಂಟೆ ಕಾಫಿ, ಟೀ, ಕೋಲಾ, ಚಾಕೊಲೇಟ್ ಬಿಡಬೇಕು. ಕೆಲವು ಕಡೆ 24 ಗಂಟೆ ಎನ್ನುತ್ತಾರೆ, ಅವರು ಹೇಳಿದಂತೆ ಮಾಡಿ. ಫಿಲ್ಟರ್ ಕಾಫಿ ಇಲ್ಲದೆ ಬೆಳಗಾಗದ ಊರಿನಲ್ಲಿ ಇದು ಸಣ್ಣ ಶಿಕ್ಷೆಯಲ್ಲ ಎಂಬುದು ಗೊತ್ತು. ಆದರೂ ಏಕೆ ಎಂದು ತಿಳಿದರೆ ಬಿಡುವುದು ಸುಲಭ. ಅಡೆನೊಸಿನ್ ಹೋಗಿ ಕೂರಬೇಕಾದ ಜಾಗದಲ್ಲೇ ಕೆಫೀನ್ ಮೊದಲೇ ಕೂತಿರುತ್ತದೆ. ಔಷಧ ಹರಿಯುತ್ತದೆ, ರಕ್ತನಾಳ ಅಗಲವಾಗುವುದಿಲ್ಲ, ಇರುವ ಬ್ಲಾಕ್ ಚಿತ್ರದಲ್ಲಿ ಕಾಣುವುದಿಲ್ಲ, ‘ನಾರ್ಮಲ್’ ಎಂದು ವರದಿ ಬರುತ್ತದೆ. ಕಾಫಿ ಪರೀಕ್ಷೆಯನ್ನು ಅಪಾಯಕಾರಿ ಮಾಡುವುದಿಲ್ಲ, ಸುಳ್ಳು ಹೇಳಿಸುತ್ತದೆ. ಎಪ್ಪತ್ತೈದರ ನಂತರ ಸುಳ್ಳು ಸಮಾಧಾನವೇ ಹೆಚ್ಚು ದುಬಾರಿ. ಬೆಂಗಳೂರಿನ ಕಡೆಗೆ ಪರೀಕ್ಷೆಗೆ ಹೋಗುವವರು ದಾರಿಯಲ್ಲಿ ಮದ್ದೂರಿನಲ್ಲಿ ಇಳಿದು “ಅರ್ಧ ಲೋಟ ತಾನೇ” ಎಂದು ಕುಡಿದದ್ದೂ ಲೆಕ್ಕಕ್ಕೆ ಬರುತ್ತದೆ. ಕುಡಿದಿದ್ದರೆ ಮುಚ್ಚಿಡದೆ ಹೇಳಿ, ವಿಧಾನ ಬದಲಿಸಬಹುದು ಅಥವಾ ಬೇರೆ ದಿನ ಕೊಡುತ್ತಾರೆ. ತಲೆನೋವಿಗೆ ನುಂಗುವ ಸ್ಯಾರಿಡಾನ್‌ನಲ್ಲೂ ಕೆಫೀನ್ ಇದೆ.

ಕಾಫಿಗಿಂತ ಹೆಚ್ಚು ಮರೆತುಹೋಗುವುದು ಡೆರಿಫಿಲಿನ್. ಉಬ್ಬಸಕ್ಕೆ, ಕೆಮ್ಮಿಗೆ ನಮ್ಮ ಊರುಗಳಲ್ಲಿ ಧಾರಾಳವಾಗಿ ಬರೆಯುವ ಮಾತ್ರೆ. ಅದರಲ್ಲಿರುವ ಥಿಯೋಫಿಲಿನ್ ಕೆಫೀನ್ ಮಾಡುವ ಕೆಲಸವನ್ನೇ ಮಾಡುತ್ತದೆ. ಡಾಕ್ಸೊಫಿಲಿನ್, ಅಸೆಬ್ರೊಫಿಲಿನ್ ಕೂಡ ಅದೇ ಕುಲದವು. ಇವನ್ನು ಯಾವಾಗ ನಿಲ್ಲಿಸಬೇಕೆಂದು ಬರೆದ ವೈದ್ಯರೇ ಹೇಳಬೇಕು. ಇದಕ್ಕೆ ಉಲ್ಟಾ ಡೈಪಿರಿಡಮೋಲ್ ಮಾತ್ರೆ. ಪಾರ್ಶ್ವವಾಯು ಆದ ಕೆಲವರು ಆಸ್ಪಿರಿನ್ ಜೊತೆ ನುಂಗುತ್ತಿರುತ್ತಾರೆ. ಅದು ದೇಹದಲ್ಲಿದ್ದಾಗ ಅಡೆನೊಸಿನ್ ಕೊಟ್ಟರೆ ಪರಿಣಾಮ ಹಲವು ಪಟ್ಟು ಏರಿ ನಾಡಿ, ಬಿ.ಪಿ. ಇಳಿದುಬಿಡಬಹುದು. ಇದು ಸುಳ್ಳು ವರದಿಯ ಮಾತಲ್ಲ, ನಿಜವಾದ ಅಪಾಯ.

ನಡಿಗೆ ಅಥವಾ ಡೊಬುಟಮಿನ್ ಪರೀಕ್ಷೆಗೆ ಅಡ್ಡ ಬರುವುದು ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆಗಳು. ಅವು ಬಡಿತವನ್ನು ಏರಲು ಬಿಡುವುದಿಲ್ಲ. ಕಾಯಿಲೆ ಇದೆಯೇ ಎಂದು ಹುಡುಕುವ ಪರೀಕ್ಷೆಯಾದರೆ ಒಂದೆರಡು ದಿನ ಮುಂಚೆ ನಿಲ್ಲಿಸಲು ಹೇಳಬಹುದು. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ನೋಡುವುದಾದರೆ ನುಂಗಿಯೇ ಬರಬೇಕು. ತಾವೇ ಯೋಚಿಸಿ ನಿಲ್ಲಿಸುವುದು ಮಾತ್ರ ಕೂಡದು. ತಟ್ಟನೆ ಬಿಟ್ಟರೆ ಎದೆನೋವು ತಿರುಗಿ ಬೀಳುತ್ತದೆ. ಗ್ಲಾಕೋಮಾಗೆ ಹಾಕುವ ಟಿಮೊಲಾಲ್ ಕಣ್ಣಿನ ಹನಿಯೂ ಇದೇ ಜಾತಿಯ ಔಷಧ, ಬಡಿತವನ್ನು ತಗ್ಗಿಸುತ್ತದೆ. “ಯಾವ ಮಾತ್ರೆ ತಗೊಳ್ತೀರಿ?” ಎಂದು ಕೇಳಿದರೆ ಕಣ್ಣಿನ ಹನಿಯನ್ನು ಯಾರೂ ಹೇಳುವುದಿಲ್ಲ, ಅದು ಮಾತ್ರೆಯಲ್ಲವಲ್ಲ! ಹಾಗಾಗಿ ಪಟ್ಟಿ ಬಾಯಲ್ಲಿ ಹೇಳುವುದಕ್ಕಿಂತ ಮನೆಯ ಔಷಧದ ಡಬ್ಬಿಯನ್ನು, ಕಣ್ಣಿನ ಹನಿ, ಇನ್‌ಹೇಲರ್ ಸಮೇತ, ಹಾಗೇ ತಂದುಬಿಡುವುದು ಒಳ್ಳೆಯದು.

ಡೊಬುಟಮಿನ್ ಪರೀಕ್ಷೆಯಲ್ಲಿ ಬಡಿತ ಸಾಲದಿದ್ದರೆ ಅಟ್ರೊಪಿನ್ ಕೊಡುತ್ತಾರೆ. ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟುವವರು, ಕಿರಿದಾದ ಕೋನದ ಗ್ಲಾಕೋಮಾ ಇರುವವರು ಅದನ್ನು ಮೊದಲೇ ತಿಳಿಸಬೇಕು. ಎಂಬತ್ತರ ಮೇಲಿನವರಿಗೆ ಅಟ್ರೊಪಿನ್‌ನಿಂದ ಸ್ವಲ್ಪ ಹೊತ್ತು ಬುದ್ಧಿ ಗಲಿಬಿಲಿಯಾಗುವುದೂ ಉಂಟು.

ಶುಗರ್ ಇರುವವರ ಉಪವಾಸ ಇನ್ನೊಂದು ಮರೆಯುವ ವಿಷಯ. ಹೆಚ್ಚಿನ ಪರೀಕ್ಷೆಗೆ ಮೂರು ನಾಲ್ಕು ಗಂಟೆ ಖಾಲಿ ಹೊಟ್ಟೆ ಸಾಕು. ಇನ್ಸುಲಿನ್ ಚುಚ್ಚಿಕೊಂಡೋ ಗ್ಲಿಮೆಪಿರೈಡ್ ನುಂಗಿಯೋ ಏನೂ ತಿನ್ನದೆ ಬಸ್ಸು ಹತ್ತಿದರೆ ಟೆಸ್ಟಿಗೂ ಮುಂಚೆ ಶುಗರ್ ಇಳಿದು ಬೆವರುತ್ತಾರೆ. ಆ ಬೆಳಗಿನ ಡೋಸ್ ಏನು ಮಾಡಬೇಕೆಂದು ಬರೆಸಿಕೊಳ್ಳಿ. ಚೀಲದಲ್ಲಿ ಬಾಳೆಹಣ್ಣು, ಗ್ಲೂಕೋಸ್ ಇರಲಿ.

ಕೊನೆಯದಾಗಿ, ಗಂಡಸರಿಗೆ ಮುಜುಗರದ ಪ್ರಶ್ನೆ: ಲೈಂಗಿಕ ಸಾಮರ್ಥ್ಯಕ್ಕೆ ನುಂಗುವ ಸಿಲ್ಡೆನಾಫಿಲ್ ಜಾತಿಯ ಮಾತ್ರೆ. ಪರೀಕ್ಷೆ ನಡುವೆ ಎದೆನೋವು ಬಂದರೆ ನಾಲಿಗೆ ಕೆಳಗೆ ನೈಟ್ರೇಟ್ ಇಡುತ್ತಾರೆ. ಎರಡೂ ಸೇರಿದರೆ ಬಿ.ಪಿ. ಪಾತಾಳ. ಮಗನ ಮುಂದೆ ಹೇಳಲಾಗದಿದ್ದರೆ ಸಿಬ್ಬಂದಿಯ ಕಿವಿಯಲ್ಲಿ ಹೇಳಿ.

ಕೋಣೆಯೊಳಗೆ

ಅಡೆನೊಸಿನ್ ಆದರೆ ದೇಹತೂಕದ ಕಿಲೋಗೆ ನಿಮಿಷಕ್ಕೆ 140 ಮೈಕ್ರೊಗ್ರಾಂ, ನಾಲ್ಕರಿಂದ ಆರು ನಿಮಿಷ, ಪಂಪ್ ಮೂಲಕ. ಆರು ನಿಮಿಷದ ಕ್ರಮದಲ್ಲಿ ಮೂರನೆಯ ನಿಮಿಷಕ್ಕೆ ಸ್ಕ್ಯಾನಿನ ಔಷಧ. ತೂಕವನ್ನು ಅಂದಾಜಿನಲ್ಲಿ ಬರೆಸಬೇಡಿ, ತೂಗಿಸಿ. ರೆಗಾಡೆನೊಸಾನ್ ತೂಕ ಕೇಳುವುದಿಲ್ಲ: 0.4 ಮಿ.ಗ್ರಾಂ., 5 ಮಿ.ಲೀ.ನಲ್ಲಿ, ಸುಮಾರು 10 ಸೆಕೆಂಡಿನಲ್ಲಿ ಒಮ್ಮೆಗೇ. ಡೊಬುಟಮಿನ್ ಕಿಲೋಗೆ ನಿಮಿಷಕ್ಕೆ 5 ಅಥವಾ 10 ಮೈಕ್ರೊಗ್ರಾಂನಿಂದ ಶುರುವಾಗಿ ಮೂರು ಮೂರು ನಿಮಿಷಕ್ಕೆ 20, 30, 40ರವರೆಗೆ ಏರುತ್ತದೆ.

ಅಡೆನೊಸಿನ್‌ನ ದೊಡ್ಡ ಗುಣ ಅದರ ಅಲ್ಪಾಯುಷ್ಯ. ರಕ್ತದಲ್ಲಿ ಅದರ ಅರ್ಧಾಯು 10 ಸೆಕೆಂಡಿಗೂ ಕಡಿಮೆ. ಪಂಪ್ ನಿಲ್ಲಿಸಿದರೆ ಒಂದೆರಡು ನಿಮಿಷದಲ್ಲಿ ಎಲ್ಲ ಶಾಂತ. ಡೈಪಿರಿಡಮೋಲ್, ರೆಗಾಡೆನೊಸಾನ್ ಇಷ್ಟು ಬೇಗ ಹೋಗುವುದಿಲ್ಲ, ಆದ್ದರಿಂದ ಅವುಗಳ ಪರಿಣಾಮ ಇಳಿಸುವ ಅಮಿನೊಫಿಲಿನ್ ಸಿರಿಂಜಿನಲ್ಲಿ ಸಿದ್ಧವಿರಬೇಕು. ರೆಗಾಡೆನೊಸಾನ್‌ನಿಂದ ಫಿಟ್ಸ್ ಬಂದಾಗ ಮಾತ್ರ ಅಮಿನೊಫಿಲಿನ್ ಕೊಡಬಾರದು, ಫಿಟ್ಸ್ ಹೆಚ್ಚಾಗಬಹುದು. ಫಿಟ್ಸ್ ಚರಿತ್ರೆ ಇರುವವರು ಅದನ್ನು ಮೊದಲೇ ಹೇಳಬೇಕಾದ್ದು ಇದಕ್ಕೇ.

ಸಣ್ಣ ತಾಂತ್ರಿಕ ವಿಷಯಗಳೇ ವಯಸ್ಸಾದವರನ್ನು ಹೆಚ್ಚು ಕಾಡುತ್ತವೆ. ಬಿ.ಪಿ. ಪಟ್ಟಿಯನ್ನು ಔಷಧ ಹರಿಯುವ ಕೈಗೇ ಕಟ್ಟಿದರೆ, ಪಟ್ಟಿ ಉಬ್ಬಿದಾಗ ಔಷಧ ತಡೆದು ನಿಲ್ಲುತ್ತದೆ, ಇಳಿದಾಗ ಒಮ್ಮೆಲೇ ನುಗ್ಗುತ್ತದೆ. ಇನ್ನೊಂದು ಕೈಗೆ ಕಟ್ಟಬೇಕು. ಸ್ಕ್ಯಾನಿನ ಔಷಧವನ್ನು ಅದೇ ನಳಿಕೆಯಲ್ಲಿ ಜೋರಾಗಿ ತಳ್ಳಿದರೆ ನಳಿಕೆಯಲ್ಲಿ ನಿಂತಿದ್ದ ಅಡೆನೊಸಿನ್ ಒಟ್ಟಿಗೆ ಹೃದಯ ಸೇರಿ ಕ್ಷಣಕಾಲ ಬಡಿತ ತಪ್ಪಿಸಬಹುದು. ಕವಲು ನಳಿಕೆ ಬಳಸುವುದು, ನಿಧಾನ ತಳ್ಳುವುದು ಇದಕ್ಕೇ. ಮೊದಲು ಹೇಳಿದ ಅಡೆನೊಸಿನ್ ಪಡೆದ 9,256 ಜನರಲ್ಲಿ ಶೇ. 7.6ರಷ್ಟು ಮಂದಿಗೆ ತಾತ್ಕಾಲಿಕ ಹಾರ್ಟ್ ಬ್ಲಾಕ್ ಕಾಣಿಸಿಕೊಂಡಿತ್ತು, ಬಹುಪಾಲು ತಾನಾಗಿ ಸರಿಹೋಯಿತು. ವಯಸ್ಸಾದವರ ನರ ತೆಳು, ಜಾರುತ್ತದೆ. ಸ್ಕ್ಯಾನಿನ ಔಷಧ ನರದ ಹೊರಗೆ ಸೋರಿದರೆ ಚಿತ್ರವೇ ಹಾಳು. ಕೈ ಉರಿದರೆ, ಊದಿದರೆ ಸುಮ್ಮನೆ ಸಹಿಸಬೇಡಿ, ಹೇಳಿ. ‘ತೊಂದರೆ ಕೊಡಬಾರದು’ ಎಂದು ಬಾಯಿ ಮುಚ್ಚಿಕೊಂಡು ಮಲಗುವುದರಲ್ಲಿ ನಮ್ಮ ಹಿರಿಯರನ್ನು ಮೀರಿಸುವವರಿಲ್ಲ.

ಬೆಲ್ಟ್ ಮೇಲಿನ ಅಪಾಯ ಬೇರೆ: ಬೀಳುವುದು. ಹವಾಯಿ ಚಪ್ಪಲಿ, ನೆರಿಗೆ ಸೀರೆ, ಪಂಚೆ ಬೇಡ. ಚೂಡಿದಾರ್ ಅಥವಾ ಪೈಜಾಮ, ಹಿಂಬದಿ ಮುಚ್ಚಿದ ಕ್ಯಾನ್ವಾಸ್ ಶೂ. ಎಲ್ಲ ಇಸಿಜಿ ತಂತಿ ಕಟ್ಟುವ ಮುಂಚೆ ಒಂದು ನಿಮಿಷ ಖಾಲಿ ಬೆಲ್ಟ್ ಮೇಲೆ ಅಭ್ಯಾಸ ಮಾಡಿಸಿ ಎಂದು ಕೇಳಿ. ಮುಂದಿನ ಕಂಬಿಯನ್ನು ಬೆರಳಲ್ಲಿ ಮುಟ್ಟಿಕೊಂಡರೆ ಸಾಕು; ಜೋತುಬಿದ್ದರೆ ಸಾಮರ್ಥ್ಯ ಇರುವುದಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಬೆಲ್ಟ್ ನಿಂತ ಕೂಡಲೇ ಕೆಳಗಿಳಿಯಲು ಬಿಡಬಾರದು. ಕಾಲಿನಲ್ಲಿ ರಕ್ತ ನಿಂತು ತಲೆ ಸುತ್ತುತ್ತದೆ. ನಿಧಾನ ನಡಿಗೆ, ಆಮೇಲೆ ಕೂರಿಸಿ ಕನಿಷ್ಠ ಆರು ನಿಮಿಷ ಇಸಿಜಿ, ಬಿ.ಪಿ. ನೋಡುತ್ತಿರಬೇಕು. ಇಸಿಜಿ ಬದಲಾವಣೆ ಕೆಲವರಲ್ಲಿ ನಿಂತ ಮೇಲೇ ಬರುತ್ತದೆ.

ಯಾವಾಗ ನಿಲ್ಲಿಸಬೇಕು ಎಂಬುದರಲ್ಲಿ ಗೊಂದಲವಿಲ್ಲ. ನಡೆಯುತ್ತ ಹೋದಂತೆ ಏರಬೇಕಾದ ಮೇಲಿನ ಬಿ.ಪಿ. 10ಕ್ಕಿಂತ ಹೆಚ್ಚು ಇಳಿದು ಜೊತೆಗೆ ರಕ್ತ ಸಾಲದ ಲಕ್ಷಣ ಕಂಡರೆ, ಎದೆನೋವು ಜೋರಾದರೆ, ಅಪಾಯದ ಬಡಿತ ಬಂದರೆ, ತಲೆ ಸುತ್ತಿದರೆ. ಇನ್ನೊಂದು, ಅಷ್ಟೇ ತೂಕದ ಕಾರಣ: ರೋಗಿ “ಸಾಕು” ಎಂದರೆ ಸಾಕು.

ಕೋಣೆಯಲ್ಲಿ ಡಿಫಿಬ್ರಿಲೇಟರ್ (ಅಪಾಯದ ಬಡಿತವನ್ನು ವಿದ್ಯುತ್ ಆಘಾತದಿಂದ ಸರಿಪಡಿಸುವ ಯಂತ್ರ), ಆಮ್ಲಜನಕ, ತುರ್ತು ಔಷಧ ಇವೆಯೇ, ವೈದ್ಯರು ಅಲ್ಲೇ ಇರುತ್ತಾರೆಯೇ ಅಥವಾ ಫೋನಿನಲ್ಲೇ, ಎಂದು ಕೇಳುವ ಹಕ್ಕು ನಿಮಗಿದೆ. ಹೃದಯಾಘಾತವಾದರೆ ಆಂಜಿಯೋಪ್ಲಾಸ್ಟಿ ಅಲ್ಲೇ ಆಗುತ್ತದೆಯೇ, ಬೇರೆಡೆ ಕರೆದೊಯ್ಯಬೇಕೇ ಎಂಬುದನ್ನೂ ಕೇಳಿ. ಅಪಾಯ ಕಡಿಮೆಯಿರುವ ಅರವತ್ತೈದರವರಿಗೆ ಊರಿನ ಡಯಾಗ್ನೋಸ್ಟಿಕ್ ಸೆಂಟರ್ ಸಾಕಾದೀತು. ಎಂಬತ್ತರ, ಹಳೆಯ ಹೃದಯಾಘಾತದ, ಹೃದಯ ದುರ್ಬಲವಾಗಿರುವ ವ್ಯಕ್ತಿಗೆ ಮೈಸೂರಿನ ಕೆ.ಆರ್.ಎಸ್. ರಸ್ತೆಯ ಜಯದೇವದಂಥ ಹೃದಯದ್ದೇ ಆಸ್ಪತ್ರೆಗೆ ಹೋಗುವುದರಲ್ಲಿ ಅರ್ಥವಿದೆ. ಮಂಡ್ಯದಿಂದ 45 ಕಿ.ಮೀ. ಹೆಚ್ಚಲ್ಲ.

ರೇಡಿಯೇಶನ್ ಮತ್ತು ಚಿತ್ರ

ಟೆಕ್ನೀಷಿಯಂನಿಂದ ವಿಶ್ರಾಂತಿ ಮತ್ತು ಸ್ಟ್ರೆಸ್ ಎರಡೂ ಚಿತ್ರ ತೆಗೆದರೆ ಸುಮಾರು 10 ಮಿಲಿಸೀವರ್ಟ್. ನಿಸರ್ಗದಿಂದಲೇ ಜಗತ್ತಿನ ಸರಾಸರಿ ಮನುಷ್ಯನಿಗೆ ವರ್ಷಕ್ಕೆ 2.4 ಬರುತ್ತದೆ. ಅಂದರೆ ನಾಲ್ಕು ವರ್ಷದ ಪಾಲು ಒಂದೇ ದಿನ. ಥಾಲಿಯಂನಲ್ಲಿ ಇದಕ್ಕಿಂತ ಹೆಚ್ಚು, ಅದರ ಅರ್ಧಾಯು 73 ಗಂಟೆ. ರೇಡಿಯೇಶನ್‌ನಿಂದ ಬರಬಹುದಾದ ಕ್ಯಾನ್ಸರ್‌ಗೆ ಹಲವು ವರ್ಷ ಬೇಕು, ಹಾಗಾಗಿ ಎಪ್ಪತ್ತೆಂಟರವರ ಚಿಂತೆಯ ಪಟ್ಟಿಯಲ್ಲಿ ಇದು ತೀರ ಕೆಳಗೆ. ವರ್ಷಕ್ಕೊಮ್ಮೆ ಕಾರಣವಿಲ್ಲದೆ ಮಾಡಿಸುವುದು ಬೇರೆ ಮಾತು. ಸ್ಟ್ರೆಸ್ ಎಕೋದಲ್ಲಿ ರೇಡಿಯೇಶನ್ ಇಲ್ಲವೇ ಇಲ್ಲ.

ನಿಜವಾದ ಕಷ್ಟ ಕ್ಯಾಮೆರಾ ಕೆಳಗೆ. ಕೈಗಳನ್ನು ತಲೆಯ ಮೇಲೆ ಎತ್ತಿಟ್ಟು ಹತ್ತು ಹದಿನೈದು ನಿಮಿಷ ಅಲುಗಾಡದೆ ಮಲಗಬೇಕು. ಭುಜ ಹಿಡಿದಿರುವವರಿಗೆ ಇದು ಹಿಂಸೆ. ಅಲುಗಿದರೆ ಇಲ್ಲದ ಕಲೆ ಚಿತ್ರದಲ್ಲಿ ಮೂಡುತ್ತದೆ. ಮುಂಚೆಯೇ ಹೇಳಿದರೆ ತೋಳಿಗೆ ದಿಂಬು ಕೊಡುತ್ತಾರೆ. ಮೂತ್ರ ಮಾಡಿಯೇ ಮಲಗಿ.

ಬೇಕೇ ಬೇಕಾ?

ಯಾವ ತೊಂದರೆಯೂ ಇಲ್ಲದ, ಅಪಾಯದ ಅಂಶಗಳೂ ಕಡಿಮೆಯಿರುವ ಹಿರಿಯರಿಗೆ ‘ಮಾಸ್ಟರ್ ಹೆಲ್ತ್ ಚೆಕಪ್’ ಪ್ಯಾಕೇಜಿನಲ್ಲಿ ಇದೆ ಎಂಬ ಕಾರಣಕ್ಕೆ ಟಿ.ಎಂ.ಟಿ. ಮಾಡಿಸುವುದನ್ನು ನಾವು ಬೇಡ ಎನ್ನುತ್ತೇವೆ. ಸುಳ್ಳು ಪಾಸಿಟಿವ್ ಬಂದರೆ ಅಲ್ಲಿಂದ ಆಂಜಿಯೋ, ಆಂಜಿಯೋದಿಂದ ಸ್ಟೆಂಟ್, ಸ್ಟೆಂಟಿನಿಂದ ರಕ್ತ ತೆಳು ಮಾಡುವ ಮಾತ್ರೆ, ಮಾತ್ರೆಯಿಂದ ಹೊಟ್ಟೆಯಲ್ಲಿ ರಕ್ತಸ್ರಾವ. ಈ ಸರಪಳಿಯ ಅಪಾಯ ಬೆಲ್ಟಿನ ಅಪಾಯಕ್ಕಿಂತ ಎಷ್ಟೋ ದೊಡ್ಡದು. ಕಣ್ಣಿನ ಪೊರೆ ಆಪರೇಶನ್ನಿಗೆ ಸ್ಟ್ರೆಸ್ ಟೆಸ್ಟ್ ಬೇಕಿಲ್ಲ. ಮಂಡಿ ಬದಲಾವಣೆಗೂ, ಎರಡು ಮಹಡಿ ಹತ್ತಬಲ್ಲವರಿಗೆ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: “ಡಾಕ್ಟ್ರೇ, ಇದರಲ್ಲಿ ಬರುವ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದಾ?” 2020ರಲ್ಲಿ ಪ್ರಕಟವಾದ, ಭಾರತವೂ ಸೇರಿ 37 ದೇಶಗಳ 5,179 ಜನರ ‘ಇಸ್ಕೀಮಿಯ’ ಅಧ್ಯಯನದಲ್ಲಿ, ಸ್ಥಿರವಾಗಿರುವ ರೋಗಿಗಳಿಗೆ ಸ್ಟ್ರೆಸ್ ಟೆಸ್ಟಿನಲ್ಲಿ ಮಧ್ಯಮ ಅಥವಾ ತೀವ್ರ ರಕ್ತದ ಕೊರತೆ ಕಂಡರೂ, ಮೊದಲೇ ಆಂಜಿಯೋ ಮಾಡಿದ ಗುಂಪಿನಲ್ಲಿ ಸಾವು, ಹೃದಯಾಘಾತ ಕಡಿಮೆಯಾಗಲಿಲ್ಲ. ಎಡ ಮುಖ್ಯ ನಾಳದಲ್ಲಿ ದೊಡ್ಡ ಬ್ಲಾಕ್ ಇದ್ದವರನ್ನು ಅದರಲ್ಲಿ ಸೇರಿಸಿರಲಿಲ್ಲ. ಎದೆನೋವು ಇದ್ದವರಿಗೆ ನೋವು ಕಡಿಮೆಯಾಯಿತು, ಅದೂ ನಿಜವೇ. ಹಾಗಾಗಿ ಪಾಸಿಟಿವ್ ವರದಿ ಕೈಗೆ ಬಂದ ಸಂಜೆಯೇ ಮನೆ ಅಡವಿಡುವ ಯೋಚನೆ ಬೇಡ. ಮಾತ್ರೆಯಲ್ಲಿ ನೋಡೋಣವೇ ಎಂದು ಕೇಳುವುದಕ್ಕೆ ಸಮಯವಿರುತ್ತದೆ.

ಮುಗಿದ ಮೇಲೆ

ರೆಗಾಡೆನೊಸಾನ್ ಆದ ಮೇಲೆ ತಲೆನೋವು ಬಂದರೆ ಮದ್ದು ಕಾಫಿಯೇ. ಸಿಬ್ಬಂದಿ ಆಯಿತು ಎಂದ ಮೇಲೆ ಒಂದು ಲೋಟ ಸ್ಟ್ರಾಂಗಾಗಿ ಕುಡಿಯಲು ಅಡ್ಡಿಯಿಲ್ಲ. ನೀರು ಹೆಚ್ಚು ಕುಡಿದರೆ ಸ್ಕ್ಯಾನಿನ ಔಷಧ ಬೇಗ ಹೊರಹೋಗುತ್ತದೆ. ಹೃದಯ ದುರ್ಬಲವಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ಆ ಮಿತಿ ಮೀರಬಾರದು. ಆ ದಿನ ಮೊಮ್ಮಗುವನ್ನು ಬಹಳ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಬೇಡ, ಮರುದಿನ ಪರವಾಗಿಲ್ಲ. ಬೆಲ್ಟಿನಿಂದ ಇಳಿದವರು ಮನೆಗೆ ಬಂದ ಕೂಡಲೇ ಸುಡುಸುಡು ನೀರು ಹುಯ್ದುಕೊಳ್ಳಬಾರದು, ಬಿ.ಪಿ. ಇಳಿಯುತ್ತದೆ. ನಿಲ್ಲಿಸಿದ್ದ ಮಾತ್ರೆಗಳನ್ನು ಮತ್ತೆ ಯಾವಾಗ ಶುರುಮಾಡಬೇಕೆಂದು ಬರೆಸಿಕೊಂಡೇ ಹೊರಡಿ. ಸಂಜೆಗೆ ಎದೆ ಬಿಗಿತ, ದಮ್ಮು, ಎಚ್ಚರ ತಪ್ಪುವುದು ಏನಾದರೂ ಆದರೆ 108ಕ್ಕೆ ಫೋನ್ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ವರದಿಯ ಜೊತೆ ಚಿತ್ರಗಳ ಸಿ.ಡಿ.ಯನ್ನೂ ಕೇಳಿ ಪಡೆಯಿರಿ. ಮುಂದಿನ ಸಲ ಹೋಲಿಸಿ ನೋಡಲು ಬರೀ ಕಾಗದ ಸಾಲುವುದಿಲ್ಲ.